ಒಂದು ಪಂಕ್ತಿಗೆ ಎಷ್ಟು ಎಲೆ?

ರಾತ್ರಿ ಹನ್ನೊಂದೂವರೆಗೆ ಪರದೆಯ ಮೇಲೆ ಬಂದ ಸಂಖ್ಯೆ ನೋಡಿ ಮೊದಲು ನಗು ಬಂತು. ಪರೀಕ್ಷೆ ತೀರ ಸಣ್ಣದು. ಹತ್ತು ಲಕ್ಷ ಕಣಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬುವುದು, ಎಷ್ಟು ಕಣ ಪೆಟ್ಟಿಗೆಯೊಳಗಿವೆ ಎಂದು ಎಣಿಸುವುದು. ಇನ್ನೂ ಒಂದು ಕಣವೂ ಅಲುಗಿಲ್ಲ, ಹಾಗಾಗಿ ಉತ್ತರ ಹತ್ತು ಲಕ್ಷವೇ ಬರಬೇಕು. ಬಂದದ್ದು 5,00,000. ಒಂದೆರಡು ಕಣ ಹೆಚ್ಚುಕಡಿಮೆಯಾಗಿದ್ದರೆ ವಾರಗಟ್ಟಲೆ ನಿದ್ದೆ ಕೆಡುತ್ತಿತ್ತು. ಇಷ್ಟು ಕರಾರುವಾಕ್ಕಾಗಿ ಅರ್ಧ ಬಂದರೆ ಒಂಥರಾ ಸಮಾಧಾನ. ಅದು ಯಂತ್ರದ ಗ್ರಹಚಾರವಲ್ಲ, ಯಾರೋ ಕೂತು ಬರೆದ ತಪ್ಪು. ಬರೆದವನು ನಾನೇ, ಕೆಲವು ವರ್ಷದ ಹಿಂದೆ.

ಆ ಕೋಡ್ ಎನ್ವಿಡಿಯಾ ಕಂಪನಿಯ ಜಿಪಿಯು (ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಚಿಪ್ಪು) ಮೇಲೆ ತಕರಾರಿಲ್ಲದೆ ಓಡಿಕೊಂಡಿತ್ತು. ಈಗ ಅದನ್ನು ಎಎಂಡಿ ಜಿಪಿಯು ಇರುವ ಯಂತ್ರಕ್ಕೆ ಒಯ್ಯಬೇಕಿತ್ತು. ಅದಕ್ಕೆಂದೇ ಎಎಂಡಿಯವರು ಹಿಪಿಫೈ ಎಂಬ ಸಲಕರಣೆ ಕೊಟ್ಟಿದ್ದಾರೆ. ಎನ್ವಿಡಿಯಾದ ಕುಡಾ ಭಾಷೆಯಲ್ಲಿ ಬರೆದ ಫೈಲನ್ನು ಅದರ ಬಾಯಿಗೆ ಕೊಟ್ಟರೆ ಎಎಂಡಿಯ ಹಿಪ್‌ನ ಫೈಲಾಗಿ ಆಚೆ ಬರುತ್ತದೆ. ‘ಕುಡಾಮ್ಯಾಲಕ್’ ಇದ್ದಲ್ಲಿ ‘ಹಿಪ್‌ಮ್ಯಾಲಕ್’, ‘ಕುಡಾಮೆಮ್‌ಕಾಪಿ’ ಇದ್ದಲ್ಲಿ ‘ಹಿಪ್‌ಮೆಮ್‌ಕಾಪಿ’. ಮನೆ ಅದೇ, ಬಾಗಿಲ ಮೇಲಿನ ಹೆಸರಿನ ಹಲಗೆ ಮಾತ್ರ ಬೇರೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಒಂದು ಎಚ್ಚರಿಕೆಯೂ ಇಲ್ಲದೆ ಕಂಪೈಲ್ ಆಯಿತು. ಓಡಿತು. ಅರ್ಧ ಎಣಿಸಿತು.

ಯಾಕೆ ಅರ್ಧ ಎಂದು ಹೇಳಲು ಜಿಪಿಯು ಕೆಲಸ ಮಾಡುವ ಬಗೆ ಹೇಳಬೇಕು. ಅದಕ್ಕೆ ಮದುವೆಮನೆಯ ಪಂಕ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ. ಸಾಲಿನಲ್ಲಿ ಮೂವತ್ತೆರಡು ಎಲೆ ಹಾಕಿದೆ ಅಂದುಕೊಳ್ಳಿ. ಕೋಸಂಬರಿ ಬಂದರೆ ಮೂವತ್ತೆರಡು ಎಲೆಗೂ ಕೋಸಂಬರಿ, ಪಲ್ಯ ಬಂದರೆ ಎಲ್ಲರಿಗೂ ಪಲ್ಯ. ಒಬ್ಬರಿಗೆ ಸಾರನ್ನ ನಡೆಯುವಾಗ ಪಕ್ಕದವರಿಗೆ ಪಾಯಸ ಇಲ್ಲ. ಯಾರೋ ಒಬ್ಬರು ಇನ್ನೊಮ್ಮೆ ಸಾರನ್ನ ಹಾಕಿಸಿಕೊಂಡರೆ ಉಳಿದವರು ಕೈ ಒಣಗಿಸಿಕೊಂಡು ಕೂತಿರಬೇಕು, ಪಂಕ್ತಿ ಬಿಟ್ಟು ಏಳುವಂತಿಲ್ಲ. ಜಿಪಿಯುನಲ್ಲಿ ಥ್ರೆಡ್‌ಗಳು (ಒಟ್ಟಿಗೆ ಓಡುವ ಲೆಕ್ಕದ ಎಳೆಗಳು) ಕೂರುವುದೂ ಹೀಗೆಯೇ. ಎನ್ವಿಡಿಯಾದವರು ಈ ಪಂಕ್ತಿಗೆ ವಾರ್ಪ್ ಎನ್ನುತ್ತಾರೆ, ಒಂದು ವಾರ್ಪ್‌ಗೆ 32 ಎಲೆ. ಎಎಂಡಿಯ ಸೂಪರ್‌ಕಂಪ್ಯೂಟರ್ ಜಿಪಿಯುಗಳಲ್ಲಿ ಅದರ ಹೆಸರು ವೇವ್‌ಫ್ರಂಟ್, ಅಲ್ಲಿ 64 ಎಲೆ. ಇಂಟೆಲ್‌ನವರದ್ದು ಸಬ್‌ಗ್ರೂಪ್, ಅವರ ದೊಡ್ಡ ಜಿಪಿಯುನಲ್ಲಿ 16 ಅಥವಾ 32.

ಪಂಕ್ತಿಯೊಳಗೆ ಒಂದು ಸೌಕರ್ಯವಿದೆ. ‘ಯಾರ್ಯಾರಿಗೆ ಬೇಕು, ಕೈ ಎತ್ತಿ’ ಎಂದು ಒಂದೇ ಆಜ್ಞೆಯಲ್ಲಿ ಎಲ್ಲ ಥ್ರೆಡ್‌ಗಳನ್ನೂ ಕೇಳಬಹುದು. ಉತ್ತರ ಬಿಟ್‌ಗಳ ಸಾಲಾಗಿ ಬರುತ್ತದೆ, ಕೈ ಎತ್ತಿದವರ ಜಾಗದಲ್ಲಿ 1. ಇದಕ್ಕೆ ಬ್ಯಾಲಟ್ ಎಂದೇ ಹೆಸರು. ಆ ಉತ್ತರವನ್ನು ನಾನು 32 ಬಿಟ್ ಹಿಡಿಸುವ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಎಎಂಡಿ ಯಂತ್ರದ ಪಂಕ್ತಿಯಲ್ಲಿ 64 ಮಂದಿಯೂ ಕೈ ಎತ್ತಿದರು, ಯಂತ್ರ ಪಾಪ 64 ಬಿಟ್‌ಗಳನ್ನೂ ಪ್ರಾಮಾಣಿಕವಾಗಿ ಕೊಟ್ಟಿತು, ನನ್ನ ಡಬ್ಬಿ 32ಕ್ಕೇ ತುಂಬಿತು, ಉಳಿದದ್ದು ಚೆಲ್ಲಿಹೋಯಿತು. ಹತ್ತು ಲಕ್ಷವನ್ನು 64ರಿಂದ ಭಾಗಿಸಿದರೆ ಸರಿಯಾಗಿ 15,625 ಪಂಕ್ತಿ. ಪ್ರತಿ ಪಂಕ್ತಿಯಲ್ಲೂ 32 ಮಂದಿ ಲೆಕ್ಕಕ್ಕಿಲ್ಲ.

ಸರಿಮಾಡಲು ಹಿಡಿದದ್ದು ಎರಡು ನಿಮಿಷ. ನನ್ನನ್ನು ಕಾಡಿದ್ದು ಬೇರೆ. ಆ ಫೈಲಿನಲ್ಲಿ ‘32’ ಎಂಬ ಅಂಕಿ ಎಲ್ಲೂ ಇರಲಿಲ್ಲ. ಪಂಕ್ತಿಯ ಅಗಲವನ್ನು ಯಂತ್ರವನ್ನೇ ಕೇಳಿ ತಿಳಿದುಕೊಳ್ಳುವಷ್ಟು ಜಾಣತನ ನಾನು ಮಾಡಿದ್ದೆ. ಆದರೂ ಅದು ವೇರಿಯಬಲ್‌ನ ಬಗೆಯೊಳಗೆ, ಬಾಗಿಲ ಹಿಂದಿನ ಹಲ್ಲಿಯ ಹಾಗೆ ಕೂತಿತ್ತು. ಒಂದು ಯಂತ್ರದ ಜೊತೆ ವರ್ಷಗಟ್ಟಲೆ ಇದ್ದರೆ ಅದರ ಅಭ್ಯಾಸಗಳು ಹೀಗೆ ಕೋಡಿಗೆ ಅಂಟಿಕೊಳ್ಳುತ್ತವೆ. ಯಂತ್ರ ಬದಲಾಗುವವರೆಗೆ ಅವು ಅಭ್ಯಾಸ ಎಂದು ಗೊತ್ತಾಗುವುದೂ ಇಲ್ಲ. ಬೇರೆ ಕಂಪನಿಯೇ ಬೇಕೆಂದೇನಿಲ್ಲ. 2017ರಲ್ಲಿ ಎನ್ವಿಡಿಯಾ ತನ್ನದೇ ವೋಲ್ಟಾ ಜಿಪಿಯು ತಂದಾಗ ಪಂಕ್ತಿಯ ನಿಯಮ ಸ್ವಲ್ಪ ಸಡಿಲವಾಯಿತು. ಒಂದೇ ವಾರ್ಪ್‌ನ ಥ್ರೆಡ್‌ಗಳು ಒಂದೇ ಹೆಜ್ಜೆಯಲ್ಲಿ ಇರುತ್ತವೆ ಎಂಬ ಭರವಸೆ ಹೋಯಿತು. ‘ಹೇಗೂ ಎಲ್ಲರೂ ಒಟ್ಟಿಗೇ ಇರುತ್ತಾರಲ್ಲ’ ಎಂದು ನಂಬಿ ಬರೆದಿದ್ದವರೆಲ್ಲ ತಮ್ಮ ಕೋಡನ್ನು ಮತ್ತೆ ತೆರೆಯಬೇಕಾಯಿತು.

‘ಒಂದೇ ಕಂಪನಿಯ ಯಂತ್ರ ಇಟ್ಟುಕೊಂಡು ಸುಮ್ಮನಿರಬಾರದೇ?’ ಎಂದು ಮನೆಯಲ್ಲಿ ಕೇಳುತ್ತಾರೆ. ಇರಬಹುದಿತ್ತು, ಯಂತ್ರಗಳು ಇರಲು ಬಿಟ್ಟಿದ್ದರೆ. ಸೂಪರ್‌ಕಂಪ್ಯೂಟರಿನ ಆಯುಸ್ಸು ಐದಾರು ವರ್ಷ. ಅದರ ಮೇಲೆ ಓಡುವ ಹವಾಮಾನದ, ದ್ರವಚಲನೆಯ ಕೋಡುಗಳು ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ 2008ರಲ್ಲಿ ರೋಡ್‌ರನ್ನರ್ ಎಂಬ ಯಂತ್ರ ಜಗತ್ತಿನಲ್ಲಿ ಮೊದಲ ಬಾರಿಗೆ ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ, ಮುಟ್ಟಿತು. ಅದರೊಳಗೆ ಎಎಂಡಿಯ ಮಾಮೂಲಿ ಆಪ್ಟೆರಾನ್‌ಗಳ ಜೊತೆಗೆ ಐಬಿಎಂನ ಸೆಲ್ ಪ್ರೊಸೆಸರ್ ಇತ್ತು, ಪ್ಲೇಸ್ಟೇಷನ್ 3ರಲ್ಲಿದ್ದದ್ದರ ಅಣ್ಣ. ಸೆಲ್‌ಗೆ ಕೋಡ್ ಬರೆಯುವುದೆಂದರೆ ಪ್ರತಿ ತುತ್ತನ್ನೂ ಕೈಯಾರೆ ಬಾಯಿಗಿಟ್ಟ ಹಾಗೆ. ಯಾವ ದತ್ತಾಂಶ ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂಬುದನ್ನೆಲ್ಲ ಬರೆಯುವವನೇ ಹೇಳಬೇಕು. ಜನ ಅದನ್ನೂ ಬರೆದರು. 2013ರಲ್ಲಿ ಯಂತ್ರವನ್ನೇ ನಿಲ್ಲಿಸಿಬಿಟ್ಟರು. ಆ ಬೆವರೆಲ್ಲ ಇನ್ನೊಂದು ಯಂತ್ರಕ್ಕೆ ಹೊಂದುವಂಥದ್ದಾಗಿರಲಿಲ್ಲ.

ಅರೋರಾದ ಕಥೆ ಇನ್ನೂ ವಿಚಿತ್ರ. ಆರ್ಗಾನ್ ಪ್ರಯೋಗಾಲಯಕ್ಕೆ 2018ರ ಹೊತ್ತಿಗೆ ಬರಬೇಕಾಗಿದ್ದ ಆ ಯಂತ್ರ ಇಂಟೆಲ್‌ನ ಜೀಯಾನ್ ಫೈ ಸರಣಿಯ ಹೊಸ ಚಿಪ್ಪಿನ ಮೇಲೆ ನಿಲ್ಲಬೇಕಿತ್ತು. 2017ರಲ್ಲಿ ಇಂಟೆಲ್ ಆ ಚಿಪ್ಪನ್ನೇ ಕೈಬಿಟ್ಟಿತು. ಕೊನೆಗೆ ಅರೋರಾ ಬಂದದ್ದು ಜಿಪಿಯು ಯಂತ್ರವಾಗಿ, ಎಕ್ಸಾಫ್ಲಾಪ್ (ಸಾವಿರ ಪೆಟಾಫ್ಲಾಪ್) ದಾಟಿದ್ದು 2024ರಲ್ಲಿ. ಹುಟ್ಟದ ಯಂತ್ರಕ್ಕೆ ತೊಟ್ಟಿಲು ಕಟ್ಟಿದ್ದವರು ಎಷ್ಟು ಜನರೋ. ಓಕ್ ರಿಡ್ಜ್‌ನಲ್ಲಿ ಸಮ್ಮಿಟ್ ಎನ್ವಿಡಿಯಾದ್ದು, ಅದರ ಮುಂದಿನ ಫ್ರಾಂಟಿಯರ್ ಎಎಂಡಿಯದ್ದು. ಒಂದೇ ಪ್ರಯೋಗಾಲಯ, ಒಂದರ ಹಿಂದೊಂದು ಬಂದ ಎರಡು ಯಂತ್ರ, ಎರಡು ಜಾತಿ. ಜಪಾನಿನ ಫುಗಾಕುವಿನಲ್ಲಿ ಜಿಪಿಯು ಇಲ್ಲವೇ ಇಲ್ಲ, ಎಲ್ಲ ಆರ್ಮ್ ಬಗೆಯ ಸಿಪಿಯು, ಅಂದರೆ ಕಂಪ್ಯೂಟರಿನ ಮಾಮೂಲಿ ಮುಖ್ಯ ಚಿಪ್ಪು.

ಇದೆಲ್ಲ ಅಮೆರಿಕ ಜಪಾನಿನ ಪಾಡು ಎಂದುಕೊಳ್ಳಬೇಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2015ರಲ್ಲಿ ಬಂದ ಸಹಸ್ರಟಿ ಎಂಬ ಕ್ರೇ ಯಂತ್ರದಲ್ಲಿ ಮಾಮೂಲಿ ಜೀಯಾನ್, ಎನ್ವಿಡಿಯಾ ಕೆ40, ಜೀಯಾನ್ ಫೈ ಮೂರೂ ಒಂದೇ ಸೂರಿನಡಿ ಇದ್ದವು. ವಿದ್ಯಾರ್ಥಿ ಒಬ್ಬನೇ, ಸಮೀಕರಣ ಒಂದೇ, ಕೋಡ್ ಮಾತ್ರ ಮೂರು ಬಗೆಯಾಗಿ ಬೇಕು. 2022ರ ಪರಮ್ ಪ್ರವೇಗದಲ್ಲಿ ಜೀಯಾನ್ ಮತ್ತು ಎನ್ವಿಡಿಯಾದ ವಿ100 ಜಿಪಿಯು ಉಳಿದವು, ಫೈ ಮಾಯ. ಇನ್ನೂ ಹಿಂದೆ ಹೋದರೆ, ಸರ್ಕಾರಿ ಸಂಸ್ಥೆ ಸಿಡ್ಯಾಕ್‌ನ ಪರಮ್ 8000 ಯಂತ್ರ 1991ರಲ್ಲಿ ಟ್ರಾನ್ಸ್‌ಪ್ಯೂಟರ್ ಎಂಬ ಬ್ರಿಟಿಷ್ ಚಿಪ್ಪಿನ ಮೇಲೆ ನಿಂತಿತ್ತು. ಮುಂದಿನ ಪರಮ್‌ಗೆ ಇಂಟೆಲ್‌ನ ಐ860 ಬಂತು, ಅದರ ಮುಂದಿನದಕ್ಕೆ ಸ್ಪಾರ್ಕ್. ಅಂದರೆ ನಮ್ಮಲ್ಲಿ ಪ್ಯಾರಲಲ್ ಕಂಪ್ಯೂಟರ್ ಎಷ್ಟು ಹಳೆಯದೋ ‘ಮತ್ತೆ ಬರೆಯಬೇಕಾ?’ ಎಂಬ ನರಳಾಟವೂ ಅಷ್ಟೇ ಹಳೆಯದು.

ಪರಿಹಾರ ಹುಡುಕಿದವರು ಬಹಳ. ಓಪನ್‌ಸಿಎಲ್ ಎಂಬ ಎಲ್ಲ ಕಂಪನಿಗಳಿಗೂ ಸಲ್ಲುವ ಭಾಷೆ 2008ರ ಕೊನೆಗೆ ಬಂದಾಗ ಒಮ್ಮೆ ಬರೆದರೆ ಎಲ್ಲ ಕಡೆ ಓಡುತ್ತದೆ ಎಂದರು. ಸುಳ್ಳಲ್ಲ, ಓಡಿತು. ಆದರೆ ಓಡುವುದು ಬೇರೆ, ಚೆನ್ನಾಗಿ ಓಡುವುದು ಬೇರೆ. ಒಂದು ಜಿಪಿಯುಗೆ ಹದ ಮಾಡಿದ ಓಪನ್‌ಸಿಎಲ್ ಕರ್ನಲ್ (ಚಿಪ್ಪಿನ ಮೇಲೆ ಓಡುವ ಕೋಡಿನ ತುಂಡು) ಸಿಪಿಯು ಮೇಲೆ ತೆವಳುತ್ತಿತ್ತು. ಈ ಭಾಷೆಯನ್ನು ಮೊದಲು ಪ್ರಸ್ತಾಪಿಸಿದ ಆಪಲ್ 2018ರಲ್ಲಿ ತಾನೇ ಅದರಿಂದ ದೂರ ಸರಿಯಿತು. ಜೀಯಾನ್ ಫೈ ಬಂದಾಗಲೂ ಅದೇ ರಾಗ: ಇದು ನಿಮ್ಮ ಮಾಮೂಲಿ ಪಿಸಿಯ ಎಕ್ಸ್86 ಜಾತಿಯೇ ಕಣ್ರೀ, ಮತ್ತೊಮ್ಮೆ ಕಂಪೈಲ್ ಮಾಡಿದರೆ ಸಾಕು. ಮಾಡಿದೆವು. ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಹಾಕುವ ಅದರ 512 ಬಿಟ್ ಅಗಲದ ವೆಕ್ಟರನ್ನು ತುಂಬದೆ ಹೋದರೆ ಅದು ನನ್ನ ಮೇಜಿನ ಮೇಲಿನ ಯಂತ್ರಕ್ಕಿಂತ ನಿಧಾನ. ಆದರೂ ಫೈ ಬಗ್ಗೆ ನನಗೆ ಸಿಟ್ಟಿಲ್ಲ. ಅದಕ್ಕೆಂದು ಲೂಪುಗಳನ್ನು (ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಸಾಲುಗಳನ್ನು) ಚೊಕ್ಕ ಮಾಡಿದ್ದರಿಂದ ಮಾಮೂಲಿ ಜೀಯಾನ್ ಮೇಲೂ ಕೋಡ್ ಚುರುಕಾಯಿತು. ಹೋದವರ ಬಗ್ಗೆ ಅಷ್ಟಾದರೂ ಒಳ್ಳೆಯ ಮಾತು ಇರಲಿ.

ಈ ಗುದ್ದಾಟದಲ್ಲಿ ನನಗೆ ನಿಧಾನವಾಗಿ ಹೊಳೆದದ್ದು ಒಂದೇ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಕಾಲಿಗೆ ತೊಡರುವುದು ಲೂಪ್ ಅಲ್ಲ, ಲೂಪ್ ಬರೆಯುವ ಮುಂಚೆಯೇ ನಾವು ಮಾಡಿಬಿಟ್ಟ ತೀರ್ಮಾನಗಳು. ಅದರಲ್ಲೂ ದೊಡ್ಡದು, ದತ್ತಾಂಶವನ್ನು ಮೆಮೊರಿಯಲ್ಲಿ ಹೇಗೆ ಜೋಡಿಸಿಟ್ಟಿದ್ದೇವೆ ಎಂಬುದು.

ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಕೈಲಿದ್ದದ್ದು ಅಂತರ್ಜಲದ ಲೆಕ್ಕ ಮಾಡುವ ಒಂದು ಕೋಡ್. ನೆಲವನ್ನು ಲಕ್ಷಾಂತರ ಕೋಶಗಳಾಗಿ ಸೀಳಿ, ಪ್ರತಿ ಕೋಶಕ್ಕೂ ಹತ್ತು ಸಂಖ್ಯೆ ಇಡುತ್ತೇವೆ: ಒತ್ತಡ, ತೇವ, ಮಣ್ಣಿನ ಗುಣ, ಹೀಗೆ. ಒಂದೊಂದು ಸಂಖ್ಯೆ 8 ಬೈಟ್. ಸಹಜವಾಗಿ ಮನಸ್ಸಿಗೆ ಬರುವ ಜೋಡಣೆ ಎಂದರೆ ಒಂದು ಕೋಶದ ಹತ್ತೂ ಸಂಖ್ಯೆ ಒಂದು ಕಡೆ, ಆಮೇಲೆ ಮುಂದಿನ ಕೋಶದ ಹತ್ತು. ಇದು ಹೋಟೆಲಿನ ತಟ್ಟೆ ಊಟ. ಚಪಾತಿ, ಪಲ್ಯ, ಸಾಂಬಾರು, ಮೊಸರು ಎಲ್ಲ ಒಂದು ತಟ್ಟೆಯಲ್ಲಿ ಜೋಡಿಸಿ ತಂದು ಗಿರಾಕಿಯ ಮುಂದೆ ಇಟ್ಟರೆ ಆಯಿತು. ಸಿಪಿಯುಗೆ ಇದು ಬಲು ಪ್ರೀತಿ. ಅದು ಒಂದೊಂದು ಸಲಕ್ಕೆ 64 ಬೈಟ್ ಹೊತ್ತು ತರುತ್ತದೆ, ಹಾಗಾಗಿ 80 ಬೈಟ್‌ನ ಒಂದು ಕೋಶ ಎರಡು ಮೂರು ಸುತ್ತಿನಲ್ಲಿ ಮನೆ ಸೇರುತ್ತದೆ.

ಇದೇ ಅಡುಗೆಮನೆಯಿಂದ ಪಂಕ್ತಿಗೆ ಬಡಿಸಿ ನೋಡಿ. ಪಂಕ್ತಿಯ 32 ಥ್ರೆಡ್‌ಗಳೂ ಒಟ್ಟಿಗೆ ‘ನಮಗೆ ಒತ್ತಡ ಬೇಕು’ ಎನ್ನುತ್ತವೆ. ಒತ್ತಡಗಳೆಲ್ಲ ಒಂದೊಂದು ತಟ್ಟೆಯಲ್ಲಿ, 80 ಬೈಟ್ ದೂರ ದೂರ. ಜಿಪಿಯು ಮೆಮೊರಿಯಿಂದ ತರುವಾಗ ಕನಿಷ್ಠ 32 ಬೈಟ್‌ನ ತುಂಡು ತರುತ್ತದೆ. 32 ತುಂಡು ಎಂದರೆ 1,024 ಬೈಟ್ ಹೊತ್ತು ತಂದು, ಅದರಲ್ಲಿ ಬೇಕಾದ 256 ಬೈಟ್ ಬಡಿಸಿ, ಮುಕ್ಕಾಲು ಪಾಲು ಹಾಗೇ ವಾಪಸ್. ಆ ಮುಕ್ಕಾಲು ಕ್ಯಾಶ್ ಎಂಬ ಚಿಪ್ಪಿನೊಳಗಿನ ಪುಟ್ಟ ಮೆಮೊರಿಯಲ್ಲಿ ಉಳಿದಿದ್ದರೆ ಮುಂದಿನ ಸುತ್ತಿಗೆ ಆಗುತ್ತಿತ್ತು, ಆದರೆ ಸಾವಿರಾರು ಥ್ರೆಡ್‌ಗಳ ಗದ್ದಲದಲ್ಲಿ ಅದು ಉಳಿದೀತೆಂಬ ಭರವಸೆ ಇಲ್ಲ. ಪಂಕ್ತಿಗೆ ಬೇಕಾದದ್ದು ತಟ್ಟೆಯಲ್ಲ, ಬಕೆಟ್. ಎಲ್ಲ ಕೋಶಗಳ ಒತ್ತಡ ಒಂದು ಬಕೆಟ್ಟಿನಲ್ಲಿ, ತೇವ ಇನ್ನೊಂದರಲ್ಲಿ. ಆಗ 32 ಒತ್ತಡಗಳು ಪಕ್ಕಪಕ್ಕದಲ್ಲಿ ಇರುತ್ತವೆ, ಎಂಟೇ ತುಂಡಿನಲ್ಲಿ 256 ಬೈಟ್ ಬರುತ್ತದೆ, ಒಂದು ಬೈಟೂ ಪೋಲಾಗುವುದಿಲ್ಲ.

ಅಡುಗೆ ಅದೇ, ಅಡುಗೆಭಟ್ಟರೂ ಅವರೇ. ಪಾತ್ರೆಗೆ ತುಂಬುವ ರೀತಿ ಬೇರೆ ಅಷ್ಟೇ. ಆದರೆ ಕೋಡ್ ಬರೆಯುವಾಗ ನಾವು ತಟ್ಟೆಯೋ ಬಕೆಟ್ಟೋ ಎಂಬುದನ್ನು ಮೊದಲ ದಿನವೇ ನಿರ್ಧರಿಸಿ, ಐವತ್ತು ಸಾವಿರ ಸಾಲುಗಳಲ್ಲಿ ‘ಸಾಲು ಗುಣಿಸು ಅಗಲ, ಕೂಡಿಸು ಕಂಬ’ ಎಂದು ಬರೆದುಬಿಟ್ಟಿರುತ್ತೇವೆ. ಆಮೇಲೆ ಬದಲಿಸುವುದೆಂದರೆ ಮನೆ ಕೆಡವಿ ಕಟ್ಟಿದ ಹಾಗೆ.

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಹುಟ್ಟಿದ ಕೊಕ್ಕೊಸ್ ಎಂಬ ಸಿ++ ಲೈಬ್ರರಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಹೆಸರು ಕೇಳಿದಾಗ ಮೊದಲು ನೆನಪಾದದ್ದು ಖೊಖೊ ಆಟ. ಗ್ರೀಕಿನಲ್ಲಿ ಅದಕ್ಕೆ ಕಾಳು ಎಂದರ್ಥವಂತೆ, ಕರ್ನಲ್ ಎಂದರೂ ಕಾಳೇ ಅಲ್ಲವೇ. ಅದರಲ್ಲಿ ವ್ಯೂ ಎಂಬ ಒಂದು ಅರೇ ಇದೆ. ನೀವು ‘ಇಷ್ಟನೇ ಕೋಶದ ಇಷ್ಟನೇ ಗುಣ’ ಎಂದು ಮಾತ್ರ ಹೇಳುತ್ತೀರಿ, ಮೆಮೊರಿಯಲ್ಲಿ ಯಾವುದು ಯಾವುದರ ಪಕ್ಕ ಎಂದು ಹೇಳುವುದಿಲ್ಲ. ಸಿಪಿಯುಗೆ ಕಂಪೈಲ್ ಮಾಡಿದರೆ ತಟ್ಟೆ, ಜಿಪಿಯುಗೆ ಕಂಪೈಲ್ ಮಾಡಿದರೆ ಬಕೆಟ್. ಎಡ್ವರ್ಡ್ಸ್, ಟ್ರಾಟ್, ಸಂಡರ್‌ಲ್ಯಾಂಡ್ 2014ರಲ್ಲಿ ಪ್ರಕಟಿಸಿದ ಪ್ರಬಂಧ ಒತ್ತಿ ಹೇಳುವುದೂ ಇದನ್ನೇ, ಮೆಮೊರಿಯನ್ನು ಮುಟ್ಟುವ ರೀತಿ ಯಂತ್ರಕ್ಕೆ ತಕ್ಕಂತೆ ಬದಲಾಗಬೇಕು ಎಂದು. ಲೂಪನ್ನು ಪ್ಯಾರಲಲ್ ಮಾಡುವ ಸೌಲಭ್ಯ ಎಲ್ಲರಲ್ಲೂ ಇದೆ, ಓಪನ್‌ಎಂಪಿಯಲ್ಲಿದೆ, ಸಿಕಲ್‌ನಲ್ಲಿದೆ, ಲಿವರ್‌ಮೋರ್‌ನವರ ರಾಜಾದಲ್ಲಿದೆ. ಹೌದು, ಅದರ ಹೆಸರು ರಾಜಾ. ಆದರೆ ನನ್ನ ಮಟ್ಟಿಗೆ ಕೊಕ್ಕೊಸ್‌ನ ನಿಜವಾದ ಕೊಡುಗೆ ಲೂಪ್ ಅಲ್ಲ, ತೀರ್ಮಾನವನ್ನು ಮುಂದೂಡುವ ಧೈರ್ಯ.

ಹೊಸ ಉಪಾಯವೇನಲ್ಲ. 1979ರಲ್ಲಿ ಬ್ಲಾಸ್ ಎಂಬ ಲೈಬ್ರರಿ ಬಂದಾಗಲೇ ವೆಕ್ಟರ್ ಲೆಕ್ಕಗಳಿಗೆ ಹೆಸರು ಗೊತ್ತುಮಾಡಿ, ಒಳಗಿನ ಕೆಲಸವನ್ನು ಆಯಾ ಯಂತ್ರ ಬಲ್ಲವರಿಗೆ ಬಿಟ್ಟರು. ಮುಂದೆ ಮ್ಯಾಟ್ರಿಕ್ಸ್ ಗುಣಾಕಾರವೂ ಆ ಪಟ್ಟಿಗೆ ಸೇರಿತು. ನಿಮ್ಮ ಸಮಸ್ಯೆ ಆ ಹೆಸರುಗಳೊಳಗೆ ಹಿಡಿಸುತ್ತದೆ ಎಂದಾದರೆ ಈ ಬರಹ ನಿಮಗೆ ಬೇಕಿಲ್ಲ, ಹೋಗಿ ಕಾಫಿ ಕುಡಿಯಿರಿ.

ಇನ್ನು ‘ಚೆನ್ನಾಗಿ ಓಡುವುದು’ ಎಂದರೇನು? ಇದರ ಬಗ್ಗೆ ಮೀಟಿಂಗುಗಳಲ್ಲಿ ಜಗಳ ಆಗುವಷ್ಟು ಬೇರಾವುದಕ್ಕೂ ಆಗುವುದಿಲ್ಲ. ಮ್ಯಾನೇಜರ್‌ಗಳು ಚಿಪ್ಪಿನ ಜಾಹೀರಾತಿನಲ್ಲಿರುವ ಅಂಕಿ ಹಿಡಿದುಕೊಂಡು ಬರುತ್ತಾರೆ. ವಿ100 ಸೆಕೆಂಡಿಗೆ 7.8 ಲಕ್ಷ ಕೋಟಿ ಡಬಲ್ (8 ಬೈಟ್‌ನ ಸಂಖ್ಯೆ) ಲೆಕ್ಕ ಮಾಡುತ್ತದೆ, ನಿಮ್ಮದು ಯಾಕೆ ಅದರ ಶೇ 5 ಮಾತ್ರ? ಉತ್ತರ ಸರಳ. ಶಾಖ ಹರಡುವ ಒಂದು ಮಾಮೂಲಿ ಸಮೀಕರಣದಲ್ಲಿ ಒಂದು ಚೌಕವನ್ನು ಹೊಸದು ಮಾಡಲು ಸುಮಾರು ಏಳು ಲೆಕ್ಕ ಬೇಕು. ಅಕ್ಕಪಕ್ಕದ ನಾಲ್ಕು ಮನೆಗಳ ಬೆಲೆ ಕ್ಯಾಶ್‌ನಿಂದಲೇ ಸಿಕ್ಕಿತು ಎಂದುಕೊಂಡರೂ ಒಂದು ಸಂಖ್ಯೆ ಓದಬೇಕು, ಒಂದು ಬರೆಯಬೇಕು, ಒಟ್ಟು 16 ಬೈಟ್. ಆ ಜಿಪಿಯು ಸೆಕೆಂಡಿಗೆ 900 ಗಿಗಾಬೈಟ್ ಮಾತ್ರ ಸಾಗಿಸುತ್ತದೆ. 900ನ್ನು 16ರಿಂದ ಭಾಗಿಸಿ 7ರಿಂದ ಗುಣಿಸಿದರೆ ಸುಮಾರು 394 ಗಿಗಾಫ್ಲಾಪ್ (ಒಂದು ಗಿಗಾಫ್ಲಾಪ್ ಸೆಕೆಂಡಿಗೆ ನೂರು ಕೋಟಿ ಲೆಕ್ಕ), ಅಂದರೆ ಜಾಹೀರಾತಿನ ಶೇ 5. ಅದಕ್ಕಿಂತ ಮೇಲೆ ಹೋಗಲು ದೇವರಿಗೂ ಆಗದು. ಅಡುಗೆಭಟ್ಟರು ನೂರು ಜನ ಇದ್ದರೇನು, ಬಾಗಿಲು ಒಂದೇ. 2009ರಲ್ಲಿ ವಿಲಿಯಮ್ಸ್, ವಾಟರ್‌ಮನ್, ಪ್ಯಾಟರ್ಸನ್ ಕೊಟ್ಟ ರೂಫ್‌ಲೈನ್ ಚಿತ್ರ ಈ ಲೆಕ್ಕವನ್ನೇ ಎರಡು ಗೆರೆಯಲ್ಲಿ ತೋರಿಸುತ್ತದೆ. ಅದನ್ನು ಬಿಳಿ ಹಲಗೆಯ ಮೇಲೆ ಬರೆದಿಟ್ಟ ಮೇಲೆ ನಮ್ಮಲ್ಲಿ ಜಗಳ ಅರ್ಧ ಕಡಿಮೆಯಾಯಿತು.

ಇನ್ನೊಂದು ಅಳತೆ ನನಗೆ ಬಹಳ ಇಷ್ಟ, ಅದರ ನಿಷ್ಠುರತೆಗೆ. 2016ರಲ್ಲಿ ಪೆನಿಕುಕ್, ಸೆವಾಲ್, ಲೀ ಎಂಬ ಮೂವರು ಹೇಳಿದ್ದು: ಕೋಡ್ ಎಷ್ಟು ಯಂತ್ರಗಳ ಮೇಲೆ ಎಷ್ಟು ದಕ್ಷವಾಗಿದೆ ಎಂದು ಹೇಳಬೇಕಾದರೆ ಮಾಮೂಲಿ ಸರಾಸರಿ ಬೇಡ, ಕಡಿಮೆ ಅಂಕಕ್ಕೆ ಹೆಚ್ಚು ತೂಕ ಕೊಡುವ ಹರಾತ್ಮಕ ಸರಾಸರಿ ತೆಗೆಯಿರಿ. ಎರಡು ಯಂತ್ರದ ಮೇಲೆ ಶೇ 80, ಮೂರನೆಯದರ ಮೇಲೆ ಶೇ 10 ಬಂದರೆ ಮಾಮೂಲಿ ಸರಾಸರಿ ಶೇ 57ರ ಹತ್ತಿರ, ಸ್ಲೈಡಿನಲ್ಲಿ ಹಾಕಿಕೊಂಡು ಓಡಾಡಬಹುದು. ಹರಾತ್ಮಕ ಸರಾಸರಿ ಶೇ 24. ಒಂದು ಯಂತ್ರದ ಮೇಲೆ ಓಡಲೇ ಇಲ್ಲ ಎಂದರೆ ನೇರ ಸೊನ್ನೆ. ಒಂದು ವಿಷಯದಲ್ಲಿ ಫೇಲಾದರೆ ಪೂರ್ತಿ ಫೇಲು, ನಮ್ಮ ಎಸ್‌ಎಸ್‌ಎಲ್‌ಸಿ ಹಾಗೆ.

ಅಂತರ್ಜಲದ ಕೋಡ್ ಒಬ್ಬ ಮೇಷ್ಟ್ರದ್ದು. ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅವರೇ ಬರೆದದ್ದು, ಚೊಕ್ಕವಾಗಿ, ಪ್ರತಿ ಸಬ್‌ರುಟೀನಿನ ತಲೆಯ ಮೇಲೆ ತಾರೀಖು ಸಮೇತ. ಅದರ ಹೊಸ ರೂಪವನ್ನು ಸಿಪಿಯು ಮೇಲೂ ಜಿಪಿಯು ಮೇಲೂ ಓಡಿಸಿ ಎರಡು ಉತ್ತರ ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು.

“ಏನಪ್ಪಾ, ಮಳೆ ಒಂದೇ, ನೆಲ ಒಂದೇ. ನೀರಿನ ಮಟ್ಟ ಮಾತ್ರ ಯಂತ್ರಕ್ಕೊಂದು ಬರ್ತಿದೆಯಲ್ಲ?”

“ಹದಿಮೂರನೇ ಅಂಕಿಯಲ್ಲಿ ಅಷ್ಟೇ ಸರ್.”

“ಯಾವುದು ಸರಿ ಹಾಗಾದ್ರೆ?”

“ಎರಡೂ ಸರಿ ಸರ್.”

ಈ ಉತ್ತರ ಅವರಿಗೆ ಹಿಡಿಸಲಿಲ್ಲ. ಹಿಡಿಸುವ ಉತ್ತರವೂ ಅಲ್ಲ. ಕಂಪ್ಯೂಟರಿನ ಕೂಡುವಿಕೆ ಶಾಲೆಯ ಕೂಡುವಿಕೆಯಲ್ಲ, ಯಾವುದನ್ನು ಮೊದಲು ಕೂಡಿದಿರಿ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. ಅವರ ಎದುರೇ ಮಾಡಿ ತೋರಿಸಿದೆ. ಒಂದರ ಮುಂದೆ ಹದಿನಾರು ಸೊನ್ನೆ ಇರುವ ಸಂಖ್ಯೆಗೆ 1 ಕೂಡಿಸಿ, ಆಮೇಲೆ ಅದೇ ದೊಡ್ಡ ಸಂಖ್ಯೆ ಕಳೆದರೆ ಉಳಿಯುವುದು 0. ಮೊದಲೇ ದೊಡ್ಡದರಿಂದ ದೊಡ್ಡದನ್ನು ಕಳೆದು ಆಮೇಲೆ 1 ಕೂಡಿಸಿದರೆ ಉಳಿಯುವುದು 1. ಡಬಲ್‌ನಲ್ಲಿ ಹಿಡಿಸುವುದು ಹದಿನೈದು ಹದಿನಾರು ಅಂಕಿ, ಆ ಚಿಲ್ಲರೆ ಒಂದಕ್ಕೆ ಜಾಗವೇ ಇಲ್ಲ. ಒಂದು ಕೋರ್ ಕೂಡಿಸುವಾಗ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೋಗುತ್ತದೆ. ಜಿಪಿಯು ಪಂಕ್ತಿ ಪಂಕ್ತಿಯಾಗಿ ಕೂಡಿ, ಪಂಕ್ತಿಗಳ ಮೊತ್ತವನ್ನು ಮತ್ತೆ ಕೂಡುತ್ತದೆ. 32ರ ಪಂಕ್ತಿಗೂ 64ರ ಪಂಕ್ತಿಗೂ ಕೂಡುವ ಕ್ರಮ ಬೇರೆ, ಕೊನೆಯ ಅಂಕಿಗಳೂ ಬೇರೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಅಂದ್ರೆ ಇಷ್ಟು ವರ್ಷ ನಾನು ಸರಿ ಅಂದ್ಕೊಂಡಿದ್ದೂ ಒಂದು ಯಂತ್ರದ ಉತ್ತರವೇ?”

ನಾನು ಹೌದೆನ್ನಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಕೊನೆಗೆ ಅವರೇ ಒಂದು ಗೆರೆ ಹಾಕಿಕೊಟ್ಟರು. ಬಾವಿಗೆ ಟೇಪು ಬಿಟ್ಟು ಅಳೆಯುವವರು ನಾವು, ಸೆಂಟಿಮೀಟರ್ ಸಿಕ್ಕರೆ ದೊಡ್ಡದು, ಎಂಟನೇ ಅಂಕಿಯವರೆಗೆ ಎರಡೂ ಯಂತ್ರ ಒಪ್ಪಿದರೆ ಸಾಕು ಎಂದರು. ಈಗ ನಮ್ಮ ಪರೀಕ್ಷೆಗಳಲ್ಲಿ ಆ ಗೆರೆ ಇದೆ. ಅದರಲ್ಲೂ ಒಂದು ಅಪಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ಥ್ರೆಡ್ ಒಂದೇ ಜಾಗಕ್ಕೆ ಬರೆಯುವ ನಿಜವಾದ ಬಗ್ ಒಂದು ಆ ಗೆರೆಯ ಕೆಳಗೆ ತಿಂಗಳುಗಟ್ಟಲೆ ಮಲಗಿತ್ತು. ‘ಕೂಡುವ ಕ್ರಮದ ವ್ಯತ್ಯಾಸ ಬಿಡಿ’ ಎಂದು ನಾನೇ ಹೊದಿಕೆ ಹೊದಿಸಿದ್ದೆ.

ಕೊಕ್ಕೊಸ್‌ಗೆ ಬದಲಾಗಿ ಎಲ್ಲ ಸುಖವಾಯಿತು ಎನ್ನಲಾರೆ. ಒಂದು ಆವರಣ ಚಿಹ್ನೆ ತಪ್ಪಿದರೆ ಕಂಪೈಲರ್ ಮೂರು ಪುಟ ಬೈಯುತ್ತದೆ, ಆ ಬೈಗುಳದಲ್ಲಿ ನಿಮ್ಮ ಫೈಲಿನ ಹೆಸರು ಹುಡುಕುವುದೇ ಒಂದು ಕೆಲಸ. ಕಂಪೈಲ್ ಆಗಲು ಹಿಡಿಯುವ ಹೊತ್ತಿನಲ್ಲಿ ಕ್ಯಾಂಟೀನಿಗೆ ಹೋಗಿ ಬರಬಹುದು. ಫೋರ್ಟ್ರಾನ್ ಬಲ್ಲ ವಿಜ್ಞಾನಿಗಳಿಗೆ ಸಿ++ ಟೆಂಪ್ಲೇಟ್ ತೋರಿಸಿದಾಗ ಅವರ ಮುಖ ನೋಡಲಾಗುವುದಿಲ್ಲ. ಮೇಷ್ಟ್ರು ಈಗ ತಮ್ಮದೇ ಕೋಡನ್ನು ತೆರೆದು ಒಂದು ಸಾಲು ತಿದ್ದುವ ಸ್ಥಿತಿಯಲ್ಲಿಲ್ಲ, ನನಗೆ ಫೋನ್ ಮಾಡಬೇಕು. ವೇಗದ ಪಟ್ಟಿಯಲ್ಲಿ ಈ ನಷ್ಟಕ್ಕೆ ಕಾಲಂ ಇಲ್ಲ. ಹತ್ತು ಸಾವಿರ ಸಾಲಿಗಿಂತ ಚಿಕ್ಕ ಕೋಡ್, ಬರೆಯುವವರು ಒಬ್ಬರೇ, ಯಂತ್ರ ಒಂದೇ ಎಂದಾದರೆ ನಾನು ಈಗಲೂ ಕುಡಾದಲ್ಲೇ ಬರೆಯಿರಿ ಎನ್ನುತ್ತೇನೆ, ಇಲ್ಲವೇ ಫೋರ್ಟ್ರಾನ್‌ನಲ್ಲಿ ಓಪನ್‌ಎಂಪಿ ಹಾಕಿ ಸುಮ್ಮನಾಗಿ.

ದೊಡ್ಡದಾದರೆ ಮಾತು ಬೇರೆ. ಅಮೆರಿಕದ ಇಂಧನ ಇಲಾಖೆಯ ಸ್ಕ್ರೀಮ್ ಎಂಬ ವಾತಾವರಣ ಮಾದರಿಯನ್ನು ಹಳೆಯ ಫೋರ್ಟ್ರಾನ್‌ನಿಂದ ಬಿಡಿಸಿ ಸಿ++ ಮತ್ತು ಕೊಕ್ಕೊಸ್‌ನಲ್ಲಿ ಹೊಸದಾಗಿ ಬರೆದರು. ಅದೇ ಕೋಡ್ ಎನ್ವಿಡಿಯಾದ ಸಮ್ಮಿಟ್ ಮೇಲೂ ಎಎಂಡಿಯ ಫ್ರಾಂಟಿಯರ್ ಮೇಲೂ ಓಡಿತು. ಇಡೀ ಭೂಮಿಯನ್ನು 3.25 ಕಿಲೋಮೀಟರ್ ಜಾಲರಿಯಲ್ಲಿ ಹಿಡಿದು, ಫ್ರಾಂಟಿಯರ್ ಮೇಲೆ ದಿನವೊಂದಕ್ಕೆ 1.26 ವರ್ಷದ ಹವಾಮಾನ ಲೆಕ್ಕ ಹಾಕಿತು. 2023ರಲ್ಲಿ ಹವಾಮಾನ ಮಾದರಿಗಳಿಗೆಂದು ಮೊದಲ ಸಲ ಕೊಟ್ಟ ಗಾರ್ಡನ್ ಬೆಲ್ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಬಹುಮಾನದ ಸುದ್ದಿ ಎಲ್ಲರೂ ಓದಿದರು. ನನಗೆ ಕಾಣುವುದು ಅದರ ಹಿಂದೆ ಸಾಲು ಸಾಲಾಗಿ ಕೂತು ಫೋರ್ಟ್ರಾನ್ ಓದಿದವರ ಬೆನ್ನು.

ಮೊನ್ನೆಯಿಂದ ಎಎಂಡಿಯ ಎಂಐ300ಎ ಮೇಲೆ ಕೆಲಸ ಶುರುವಾಗಿದೆ. ಎಲ್ ಕ್ಯಾಪಿಟನ್ ಎಂಬ ಸೂಪರ್‌ಕಂಪ್ಯೂಟರಿನೊಳಗೆ ಇರುವುದು ಇದೇ ಚಿಪ್ಪು. ಇದರಲ್ಲಿ ಸಿಪಿಯು ಮತ್ತು ಜಿಪಿಯು ಒಂದೇ ಕವಚದೊಳಗೆ, 128 ಗಿಗಾಬೈಟ್ ಮೆಮೊರಿ ಇಬ್ಬರಿಗೂ ಸೇರಿ ಒಂದೇ. ಇಷ್ಟು ವರ್ಷ ನಾವು ಬರೆದದ್ದೆಲ್ಲ ಅಡುಗೆಮನೆ ಬೇರೆ, ಊಟದ ಚಪ್ಪರ ಬೇರೆ ಎಂಬ ನಂಬಿಕೆಯ ಮೇಲೆ. ಇಲ್ಲಿಂದ ಅಲ್ಲಿಗೆ ಹೊತ್ತುಕೊಂಡು ಹೋಗು, ಅಲ್ಲಿಂದ ಇಲ್ಲಿಗೆ ತಾ. ಕೊಕ್ಕೊಸ್‌ನಲ್ಲಿ ಮಿರರ್ ವ್ಯೂ ಎಂದು ಬರೆದ ಕಡೆಗಳಲ್ಲಿ ತೊಂದರೆಯಿಲ್ಲ, ಮೆಮೊರಿ ಒಂದೇ ಎಂದು ಗೊತ್ತಾದರೆ ಅದು ನಕಲು ಮಾಡದೆ ತೆಪ್ಪಗಿರುತ್ತದೆ. ಉಳಿದದ್ದು ನಾನು ಕೈಯಾರೆ ಬರೆದ ನಕಲುಗಳು. ಅವು ಈಗ ಒಂದೇ ಮೆಮೊರಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಒಂದೇ ಅಡುಗೆಮನೆಯೊಳಗೆ ಬಕೆಟ್ ಹೊತ್ತುಕೊಂಡು ಓಡಾಡುತ್ತಿವೆ.

ಅಂಥ ಮೊದಲ ಸಾಲನ್ನು ನಿನ್ನೆ ಹುಡುಕಿ ತೆಗೆದೆ. ಅದರ ಮೇಲೆ ನನ್ನದೇ ಟಿಪ್ಪಣಿ: ‘ಇದನ್ನು ತೆಗೆಯಬೇಡಿ, ಯಾವಾಗಲೂ ಬೇಕಾಗುತ್ತದೆ.’